ಹೆಗಲ ಮೇಲಿನ ಕುರ್ಚಿ

ನನಗೆ ಎರಡು ವರ್ಷವಿದ್ದಾಗ ಪೋಲಿಯೋ ಬಂದು ಎರಡೂ ಕಾಲುಗಳನ್ನು ತಿಂದುಕೊಂಡು ಹೋಯಿತು. ‘ನಾಲಿಗಿ ಒಂದು ಬಿಟ್ಟು ಹೋತು ನೋಡು, ಅದನ್ನೂ ಒಯ್ದಿದ್ರ ಮನಿ ತಣ್ಣಗ ಇರ್ತಿತ್ತು’ ಎಂದು ಅವ್ವ ಬೈಯುತ್ತಿದ್ದಳು. ಆ ನಾಲಿಗೆಯಿಂದಲೇ ಅನ್ನ ದುಡಿದೆ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನನ್ನದೊಂದು ಎಸ್‌ಟಿಡಿ ಬೂತ್ ಇತ್ತು. ಕೈಯಿಂದ ಪೆಡಲ್ ತಿರುಗಿಸುವ ಮೂರು ಗಾಲಿಯ ಸೈಕಲ್ಲಿನಲ್ಲಿ ಮನೆಯಿಂದ ಬೂತಿಗೆ, ಬೂತಿನಿಂದ ಮನೆಗೆ ಓಡಾಡುತ್ತಿದ್ದೆ. ಮನೆಯೊಳಗೆ ನೆಲದ ಮೇಲೆ ಕೈಯೂರಿ ತೆವಳುತ್ತಿದ್ದೆ. ಹೊರಗಿನವರ ಕಣ್ಣಿಗೆ ನಾನು ತೆವಳುವುದು ಬೀಳಬಾರದು ಎಂದು ಹುಡುಗಿಯಾಗಿದ್ದಾಗಲೇ ಹಠ ಹಿಡಿದಿದ್ದೆ, ಮೂವತ್ತು ದಾಟಿದರೂ ಆ ಹಠ ಬಿಟ್ಟಿರಲಿಲ್ಲ.

ಅದು ಅದಿರಿನ ಲಾರಿಗಳ ಕಾಲ. ಸಂಡೂರಿನ ಕಡೆಯಿಂದ ಬರುವ ಲಾರಿಗಳು ನಟ್ಟ ನಡುಹಗಲಲ್ಲೂ ದೀಪ ಹಾಕಿಕೊಂಡು ಬರುತ್ತಿದ್ದವು. ಧೂಳಿನೊಳಗೆ ಮೊದಲು ಎರಡು ಹಳದಿ ಕಣ್ಣು ಕಾಣಿಸುತ್ತಿದ್ದವು, ಆಮೇಲೆ ಸದ್ದು, ಎಲ್ಲಕ್ಕಿಂತ ಕೊನೆಗೆ ಲಾರಿ. ಬೂತಿನ ಗಾಜನ್ನು ಬೆಳಿಗ್ಗೆ ಎಷ್ಟೇ ತಿಕ್ಕಿ ಒರೆಸಿದರೂ ಮಧ್ಯಾಹ್ನದ ಹೊತ್ತಿಗೆ ರಸ್ತೆಯಲ್ಲಿ ಹೋಗುವವರೆಲ್ಲ ಕೆಂಪು ನೆರಳಾಗಿಬಿಡುತ್ತಿದ್ದರು. ಒಳಗೆ ಜನ ಫೋನು ಹಿಡಿದು ಊರಿಗೆ ಸಾವಿನ ಸುದ್ದಿ ಕೂಗಿ ಹೇಳುತ್ತಿದ್ದರು. ಲಾರಿ ಹಾಯಿತು, ಲಾರಿ ಮಗುಚಿತು, ಬೇಗ ಬರ್ರಿ. ಸುದ್ದಿ ಮುಗಿದ ಮೇಲೆ ಬಿಲ್ಲು ಹರಿದು ಕೊಡುವವಳು ನಾನು. ಆ ವರ್ಷಗಳಲ್ಲಿ ನನಗೆ ಊರಿನಲ್ಲಿ ಬದುಕಿದವರಿಗಿಂತ ಸತ್ತವರ ಪರಿಚಯವೇ ಹೆಚ್ಚಾಗಿತ್ತು.

ಕಂಪ್ಲಿ ಕಡೆಯ ಎಮ್ಮಿಗನೂರಿನಿಂದ ಒಬ್ಬ ಹೆಂಗಸು ಸಂತೆಗೆ ಬಂದಾಗಲೆಲ್ಲ ನನ್ನ ಬೂತಿಗೆ ಬರುತ್ತಿದ್ದಳು. ಒಂದು ದಿನ ಪುಣೆಯಲ್ಲಿದ್ದ ಭಾವನಿಗೆ ಫೋನು ಮಾಡಿ, ಆಮೇಲೆ ನನ್ನ ಹತ್ತಿರ ಕುಳಿತು ಆ ಭಾವನ ಮಗಳ ಮಾತು ತೆಗೆದಳು. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದವಳು ಚಿಕ್ಕವ್ವನಾದ ಇವಳೇ. ‘ಆಕಿ ಭಾಳ ಚಲೋ ಓದ್ತಿದ್ಲು. ಕಂಪ್ಲಿ ಕಾಲೇಜಿಗೆ ಹೋಗಿ ಬರ್ತಿದ್ಲು. ಎಷ್ಟು ಮಾತಾಡ್ತಿದ್ಲು ಅಂತೀರಿ! ಹೊಸಪೇಟ್ಯಾಗ ಲಾರಿ ಬಡೀತು ನೋಡ್ರಿ’ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನಾನು ಲೊಚಗುಟ್ಟಿ, ‘ದಿನಾ ತಿಥಿ ಎಲ್ಲಾ ಮಾಡಿ ಮುಗಿಸಿದ್ರೇನಬೇ?’ ಎಂದು ಕೇಳಿದೆ.

‘ಅಯ್ಯ ನಿಮ್ಮ! ಬದುಕ್ಯಾಳ್ರಿ ಆಕಿ. ಮನ್ಯಾಗ ಕುಂತಾಳ.’

ನನಗೆ ಮೈ ಜುಮ್ಮೆಂದಿತು. ಬದುಕಿರುವ ಹುಡುಗಿಯ ಬಗ್ಗೆ ಇಷ್ಟು ಹೊತ್ತು ‘ಓದ್ತಿದ್ಲು, ಮಾತಾಡ್ತಿದ್ಲು’ ಎಂದು ಹೇಳಿದ್ದು ಆ ಹೆಂಗಸಿಗೆ ಗೊತ್ತೇ ಆಗಿರಲಿಲ್ಲ. ಸಿಟ್ಟೂ ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮುಂದಿನ ಭಾನುವಾರ ಅವ್ವನನ್ನು ಕರೆದುಕೊಂಡು, ಆಟೋದ ಹಿಂದೆ ಸೈಕಲ್ಲು ಕಟ್ಟಿಸಿಕೊಂಡು ಎಮ್ಮಿಗನೂರಿಗೆ ಹೋದೆ.

ಊರ ಸುತ್ತ ಭತ್ತ ಹಸಿರಾಗಿ ನಿಂತಿತ್ತು. ಮನೆಯೊಳಗೆ ಮಾತ್ರ ಕತ್ತಲೆ. ಒಳಕೋಣೆಯ ಕಿಟಕಿಗೆ ಒಳಗಿನಿಂದ ಗೋಣಿತಟ್ಟು ಹೊಡೆದಿದ್ದರು. ಕಣ್ಣು ಹೊಂದಿಕೊಂಡ ಮೇಲೆ ಗಾಲಿಕುರ್ಚಿ ಕಾಣಿಸಿತು, ಅದರಲ್ಲಿ ಹುಡುಗಿ. ಸೊಂಟದಿಂದ ಕೆಳಗೆ ದುಪ್ಪಟಿ ಹೊದಿಸಿದ್ದರು. ನಾನು ಮಾತಾಡಿಸಿದರೆ ಆಕೆ ಚಿಕ್ಕವ್ವನನ್ನು ಕಣ್ಣಿನಿಂದ ಕರೆದು, ಅವಳ ಕಿವಿಯಲ್ಲಿ ಪಿಸುಗುಟ್ಟಿದಳು. ಆಗ ಚಿಕ್ಕವ್ವ ನನ್ನತ್ತ ತಿರುಗಿ ದೊಡ್ಡ ದನಿಯಲ್ಲಿ, ‘ನೀವು ಯಾಕ ಬಂದ್ರಿ ಅಂತಾಳ’ ಎಂದಳು. ಪೆಟ್ಟು ಬಿದ್ದಾಗಿನಿಂದ ಹೀಗೇ ಅಂತೆ. ಗಂಟಲಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೂ ಆಕೆಯ ದನಿ ಆ ಕಿವಿಗಿಂತ ಆಚೆ ಹೋಗುತ್ತಿರಲಿಲ್ಲ. ಒಂದು ಬಾಯಿ ಅಲ್ಲಾಡುವುದು, ಇನ್ನೊಂದು ಬಾಯಿಂದ ಮಾತು ಬರುವುದು. ಸ್ವಲ್ಪ ಹೊತ್ತಿನಲ್ಲಿ ನಾನು ಯಾರ ಮುಖ ನೋಡಿ ಮಾತಾಡಬೇಕು ಎಂಬುದೇ ತಿಳಿಯದೆ ಒದ್ದಾಡಿದೆ.

‘ಕಾಲೇಜಿಗೆ ಹೋಗು. ನಾ ಊರೆಲ್ಲಾ ತಿರಗಂಗಿಲ್ಲೇನು?’ ಎಂದೆ.

ಪಿಸುಮಾತು. ಚಿಕ್ಕವ್ವ ಹೇಳಿದಳು: ‘ಹೋದಲ್ಲೆಲ್ಲಾ ನಾಕು ಮಂದಿ ಎತ್ತಬೇಕಲ್ಲ, ಮೂಟಿ ಎತ್ತಿದಂಗ. ಹಂಗ ಬದಕೋದಕಿಂತ ಇಲ್ಲೇ ಇರ್ತೀನಿ ಅಂತಾಳ.’

ನನ್ನ ಬಾಯಿ ಸುಮ್ಮನಿರಬೇಕಲ್ಲ! ‘ನಮ್ಮೂರಾಗ ಮುಂದಿನ ತಿಂಗಳು ಅಂಗವಿಕಲರ ಸಮ್ಮೇಳನ ಐತಿ. ನನ್ನ ಭಾಷಣ ಐತಿ. ಯಾರ ಕೈಲೂ ಎತ್ತಿಸ್ಕೊಳ್ಳದ ನಾ ವೇದಿಕಿ ಹತ್ತತೀನಿ. ಬಂದು ನೋಡು’ ಎಂದುಬಿಟ್ಟೆ.

ಈ ಸಲ ಪಿಸುಮಾತು ಉದ್ದವಾಗಿತ್ತು. ಚಿಕ್ಕವ್ವನ ಮುಖ ಬಾಡಿತು. ‘ಬರ್ತಾಳಂತ. ನೀವು ಹೇಳಿದಂಗ ಹತ್ತಿದ್ರ ಕಾಲೇಜಿಗೆ ಹೋಕ್ಕಾಳಂತ. ನಿಮ್ಮನ್ನೂ ಎತ್ತಿದ್ರಂದ್ರ ಮತ್ತ ಈ ಕೋಣಿ ಬಿಟ್ಟು ಎಂದೂ ಹೊರಗ ಬರಂಗಿಲ್ಲಂತ. ಆಮ್ಯಾಗ ಕರಿಯಾಕ ನೀವು ಬರಬಾರದಂತ.’

ದಾರಿಯುದ್ದಕ್ಕೂ ಅವ್ವ ನನ್ನನ್ನು ಬೈದಳು. ನಾನು ಕೇಳಿಸಿಕೊಳ್ಳಲಿಲ್ಲ, ನನಗೆ ಧೈರ್ಯವಿತ್ತು. ಸಮ್ಮೇಳನದ ತಯಾರಿ ಮಾಡುತ್ತಿದ್ದವರು ಒಬ್ಬ ನಿವೃತ್ತ ಹೆಡ್‌ಮೇಷ್ಟ್ರು, ಒಳ್ಳೆಯ ಮನುಷ್ಯ. ಖರ್ಚು ಯಾವನೋ ಗಣಿ ಸಾಹುಕಾರನದು. ಸಭೆಗೆ ಎಲ್ಲರೂ ಬರುವಂತಾಗಬೇಕು, ಏನೇನು ಬೇಕು ಹೇಳಿ ಎಂದು ಮೇಷ್ಟ್ರು ನನ್ನನ್ನು ಕೇಳಿದ್ದರು, ನಾನು ಹೇಳಿದ್ದೆ. ಕುರ್ಚಿಗಳ ನಡುವೆ ಗಾಲಿ ಹಾಯುವಷ್ಟು ದಾರಿ ಬಿಡಿ. ಕಣ್ಣಿಲ್ಲದವರಿಗೆ ವೇದಿಕೆ ಮೇಲೆ ಯಾರಿದ್ದಾರೆ ಎಂದು ಬಾಯಿಬಿಟ್ಟು ಹೇಳಿ. ಕಿವುಡರಿಗೆ ಕೈಸನ್ನೆ ಮಾಡುವವರನ್ನು ಕರೆಸಿ. ಕಕ್ಕಸಿನ ಬಾಗಿಲು ಅಗಲವಿರಲಿ. ಎಲ್ಲಕ್ಕಿಂತ ಮೊದಲು ವೇದಿಕೆಗೆ ಒಂದು ಇಳಿಜಾರು ಹಾಕಿಸಿ. ಮೇಷ್ಟ್ರು ಎಲ್ಲಕ್ಕೂ ‘ಆಗ್ಲಿ ಮೇಡಂ, ಆಗ್ಲಿ ಮೇಡಂ’ ಎಂದು ತಲೆಯಾಡಿಸಿದ್ದರು. ‘ನಿಮಗ ಗೌರವಕ್ಕ ಒಂಚೂರೂ ಕಮ್ಮಿ ಆಗಬಾರದು’ ಎಂದರು. ಗೌರವ ಎಂಬ ಮಾತನ್ನು ಅವರು ಎಷ್ಟು ಸಲ ಆಡಿದರೆಂದರೆ ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಸಮ್ಮೇಳನದ ದಿನ ಬೆಳಿಗ್ಗೆ ಗಾಳಿ ಬೀಸಿ ಧೂಳೆದ್ದಿತ್ತು. ಕಲ್ಯಾಣಮಂಟಪದ ಬಿಳಿ ಗೋಡೆಗಳು ತೆಳುವಾಗಿ ಕೆಂಪಾಗಿದ್ದವು. ಒಳಗೆ ಬಂದವರಿಗೆಲ್ಲ ಖಾರ ಮಂಡಕ್ಕಿಯ ಪೊಟ್ಟಣ, ಮೆಣಸಿನಕಾಯಿ ಬಜ್ಜಿ ಹಂಚುತ್ತಿದ್ದರು. ಬಾಗಿಲ ಬಳಿ ಒಂದು ಭಜನಾ ಮೇಳ ದಪ್ಪು, ತಾಳ, ಹಾರ್ಮೋನಿಯಂ ಹಿಡಿದು ಸ್ವಾಗತದ ಹಾಡು ಹೇಳುತ್ತಿತ್ತು. ಕುರ್ಚಿಗಳ ನಡುವೆ ದಾರಿಯೇನೋ ಬಿಟ್ಟಿದ್ದರು, ಮದುಮಕ್ಕಳು ನಡೆಯುವಷ್ಟು. ನನ್ನ ಸೈಕಲ್ಲು ಅದರಲ್ಲಿ ಹಿಡಿಯಲಿಲ್ಲ. ಗಾಲಿಯವರನ್ನೆಲ್ಲ ಹಿಂದುಗಡೆ ಬಾಗಿಲ ಹತ್ತಿರವೇ ನಿಲ್ಲಿಸಿದರು. ಎಮ್ಮಿಗನೂರಿನ ಹುಡುಗಿ ಬಂದಿದ್ದಳು. ನನ್ನ ಪಕ್ಕದಲ್ಲೇ ಆಕೆಯ ಕುರ್ಚಿ, ಹಿಂದೆ ಚಿಕ್ಕವ್ವ. ತಲೆ ತುಂಬ ಸೆರಗು ಹೊದ್ದು, ಎರಡೂ ಕೈ ಒಳಗಿಟ್ಟುಕೊಂಡು ಕುಳಿತಿದ್ದಳು. ಬೆಳಕಿಗೆ ಬಂದು ಎಷ್ಟು ದಿನವಾಗಿತ್ತೋ, ಕಣ್ಣಿನಿಂದ ಸುಮ್ಮನೆ ನೀರು ಇಳಿಯುತ್ತಿತ್ತು.

‘ಇಳಿಜಾರು ಹಾಕಿದ್ರೇನ್ರಿ?’ ಎಂದು ಮೇಷ್ಟ್ರನ್ನು ಕೇಳಿದೆ.

‘ಹಾಕೇವಿ ಮೇಡಂ, ಮಸ್ತ್ ಆಗೇತಿ’ ಎಂದವರು ವೇದಿಕೆಯತ್ತ ನೋಡಿ ಹಾಗೇ ನಿಂತರು. ನಾನೂ ನೋಡಿದೆ. ಹಲಗೆಯ ಇಳಿಜಾರು ಇತ್ತು. ಶಾಮಿಯಾನದವರು ಅದನ್ನು ಅಲಂಕಾರಕ್ಕೆ ಮಾಡಿದ್ದು ಎಂದುಕೊಂಡು ಅದರ ಮೇಲೆ ಜಮಖಾನ ಹಾಸಿ, ಹೂಕುಂಡ ಜೋಡಿಸಿ, ಬುಡದಲ್ಲಿ ಆಳೆತ್ತರದ ಹಿತ್ತಾಳೆ ದೀಪ ನಿಲ್ಲಿಸಿದ್ದರು. ಸಾಹುಕಾರ ಆಗಷ್ಟೇ ಬಂದು ಅದನ್ನು ಹಚ್ಚಿಯೂ ಆಗಿತ್ತು.

‘ದೀಪ ಸರಸ್ರಿ’ ಎಂದೆ.

ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು. ‘ಹಚ್ಚಿದ ದೀಪ ಹೆಂಗ ಸರಸಾಕ ಬರತೈತ್ರಿ ಮೇಡಂ? ಸಭಾ ಮುಗಿಯೋತನ ಅದು ಅಲ್ಲೇ ಇರಬೇಕು. ನೀವೇನೂ ಚಿಂತಿ ಮಾಡಬ್ಯಾಡ್ರಿ, ನಾ ವ್ಯವಸ್ಥಾ ಮಾಡ್ತೀನಿ.’

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲವಂತೆ! ನಾನು ಕೂಗಾಡಿದೆ. ದೀಪ ಸರಿಸದಿದ್ದರೆ ಇಲ್ಲೇ ಕುಳಿತು ಮಾತಾಡುತ್ತೇನೆ, ಮೈಕು ಇಲ್ಲಿಗೇ ತನ್ನಿ ಎಂದೆ. ‘ಛೆ ಛೆ, ಹಿಂದ ಕುಂದ್ರಿಸಿ ಮಾತಾಡಿಸಿದ್ರ ನಿಮಗ ಅಗೌರವ ಅಲ್ಲೇನ್ರಿ’ ಎಂದು ಅವರು ಹೋದರು. ಸ್ವಲ್ಪ ಹೊತ್ತಿಗೆ ಸನ್ಮಾನವೆಂದು ಒಂದು ಗುಂಪೇ ನನ್ನ ಹತ್ತಿರ ಬಂತು. ಮದುವೆಯಲ್ಲಿ ಮದುಮಕ್ಕಳು ಕೂರುವ ಎತ್ತರ ಬೆನ್ನಿನ ಕೆತ್ತನೆಯ ಕುರ್ಚಿ ತಂದಿಟ್ಟು, ಫೋಟೋಕ್ಕೆ ಚೆನ್ನಾಗಿರುತ್ತದೆ ಎಂದರು, ನಾನೇ ತೋಳೂರಿ ಸೈಕಲ್ಲಿನಿಂದ ಅದಕ್ಕೆ ಜರುಗಿದೆ. ಶಾಲು ಹೊದಿಸಿದರು. ಎದೆ ಮುಚ್ಚುವಷ್ಟು ದೊಡ್ಡ ಹಾರ ಹಾಕಿದರು. ಜೊತೆಗೆ ಬಂದಿದ್ದ ಸ್ವಾಮಿಗಳೊಬ್ಬರು ಮೂರು ಬೆರಳಿನಲ್ಲಿ ನನ್ನ ಹಣೆಗೆ ಅಡ್ಡಡ್ಡ ವಿಭೂತಿ ಎಳೆದರು. ಬೆರಳು ತಣ್ಣಗಿದ್ದವು. ನಾನು ಕೈಮುಗಿಯುತ್ತಿರುವಾಗಲೇ ಸಾಹುಕಾರನ ಹೆಸರಿನ ಟೀಶರ್ಟು ತೊಟ್ಟ ನಾಲ್ಕು ಜನ ಗಂಡಸರು ಕುರ್ಚಿಯ ನಾಲ್ಕು ಕಾಲಿಗೆ ಕೈಹಾಕಿ ನನ್ನನ್ನು ಒಂದೇ ಏಟಿಗೆ ಹೆಗಲಿಗೆ ಎತ್ತಿಬಿಟ್ಟರು.

ಯಶವಂತನಗರದಿಂದ ಬಂದ ಗಣಿ ಕೂಲಿಗಳು ಅವರು. ಭಾರ ಎತ್ತುವುದು ಅವರಿಗೆ ಹೊಸದಲ್ಲ. ‘ಲೇ, ಇಳಸ್ರಲೇ! ಇಳಸ್ರಿ ನನ್ನ!’ ಎಂದು ಕಿರುಚಿದೆ. ಮೇಳದ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಕುರ್ಚಿ ವಾಲಿತು. ಬಿದ್ದೇನೆಂದು ಎರಡೂ ಕೈಯಿಂದ ಹಿಡಿಕೆ ಹಿಡಿದು ಸೆಟೆದು ಕುಳಿತೆ. ಹಾರದ ಭಾರಕ್ಕೆ ತಲೆ ಮುಂದಕ್ಕೆ ಬಾಗಿತು. ಜೀವವಿಲ್ಲದ ನನ್ನ ಕಾಲುಗಳು ಅವರ ಹೆಜ್ಜೆಗೆ ತಕ್ಕಂತೆ ಅಲ್ಲಾಡಿದವು.

ಆಗ ಭಜನೆಯ ಲಯ ಬದಲಾಯಿತು.

ನಮ್ಮ ಕಡೆ ಬಹಳ ಮನೆತನಗಳಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತಾರೆ. ಹಣೆಗೆ ವಿಭೂತಿ ಬಳಿದು, ಹೊಸ ಬಟ್ಟೆ ಹೊದಿಸಿ, ಹಾರ ಹಾಕಿ, ವಿಮಾನವೆಂದು ಕರೆಯುವ ಕುರ್ಚಿಯಂಥ ಚಟ್ಟದಲ್ಲಿ ಕೂರಿಸಿ ಹೆಗಲ ಮೇಲೆ ಹೊತ್ತು ಹೋಗುತ್ತಾರೆ. ಮುಂದೆ ಭಜನೆ. ದಾರಿಯುದ್ದಕ್ಕೂ ಮಂಡಕ್ಕಿ, ಚಿಲ್ಲರೆ ತೂರುತ್ತಾರೆ. ಆ ಮೇಳದವರು ಆ ವರ್ಷ ಎಷ್ಟು ಲಾರಿ ಸಾವುಗಳ ಮುಂದೆ ನಡೆದಿದ್ದರೋ! ಹೆಗಲ ಮೇಲಿನ ಕುರ್ಚಿ ಕಂಡದ್ದೇ ಅವರ ಕೈ ತಾನಾಗಿಯೇ ನಿಧಾನವಾಯಿತು. ಹಾಡು ಕೆಳದನಿಗೆ ಇಳಿಯಿತು. ಹೊತ್ತವರ ಹೆಜ್ಜೆಯೂ ಆ ತಾಳಕ್ಕೆ ಹೊಂದಿಕೊಂಡಿತು. ಅವರಲ್ಲೊಬ್ಬ ಆಮೇಲೆ ನನ್ನ ಬೂತಿಗೆ ಬಂದು, ‘ಹೆಗಲಿಗೆ ಬಂದ ಕೂಡ್ಲೆ ಕಾಲು ತಾವ ಹೊಂಟುವ್ರಿ ಅಕ್ಕಾರ, ನಮ್ಮ ಮಾತ ಕೇಳಲಿಲ್ಲ’ ಎಂದಿದ್ದ.

ಎರಡೂ ಕಡೆಯ ಜನ ಎದ್ದು ನಿಂತರು. ಯಾರೂ ಎದ್ದೇಳಿ ಎಂದು ಹೇಳಿರಲಿಲ್ಲ. ಗಂಡಸರು ತಲೆಗೆ ಸುತ್ತಿದ ಟವೆಲು ತೆಗೆದರು. ಹೆಂಗಸರು ಮಕ್ಕಳ ಮುಖವನ್ನು ಸೆರಗಿನೊಳಗೆ ಎಳೆದುಕೊಂಡರು. ನಾನು ಒಬ್ಬೊಬ್ಬರ ಕಣ್ಣನ್ನೂ ಹುಡುಕಿದೆ, ಯಾರಾದರೂ ನೋಡಲಿ, ನಾನು ಕಣ್ಣು ಮಿಟುಕಿಸುವುದು ಕಾಣಲಿ ಎಂದು. ಅವರೆಲ್ಲ ನನ್ನ ಪಾದ ನೋಡುತ್ತಿದ್ದರು. ಒಬ್ಬ ಮುದುಕಿ ಕೈಯಲ್ಲಿದ್ದ ಪೊಟ್ಟಣದಿಂದ ಒಂದು ಹಿಡಿ ಮಂಡಕ್ಕಿ ತೆಗೆದು ನನ್ನತ್ತ ತೂರಿದಳು. ಅವಳ ಪಕ್ಕದವಳೂ ತೂರಿದಳು. ಆಮೇಲೆ ಎರಡೂ ಕಡೆಯಿಂದ ಮಂಡಕ್ಕಿ ಬಂದು ನನ್ನ ಮಡಿಲಲ್ಲಿ, ಕೂದಲಲ್ಲಿ ಬಿತ್ತು. ಒಂದು ನಾಣ್ಯ ಕುರ್ಚಿಯ ಹಿಡಿಕೆಗೆ ಬಡಿದು ಕೆಳಗೆ ಉರುಳಿತು.

ಅವ್ವ ಎಲ್ಲಿಂದಲೋ ನುಗ್ಗಿ ಬಂದಳು. ‘ಏ ಹಾಟ್ಯಾಗಳ್ರಾ, ನನ್ನ ಮಗಳು ಬದುಕ್ಯಾಳ್ರೋ! ಇಳಸ್ರೋ!’ ಎಂದು ನನ್ನ ಪಾದ ಹಿಡಿದುಕೊಂಡು ಕುರ್ಚಿಯ ಜೊತೆಗೇ ಓಡಿದಳು, ಅಳುತ್ತಾ, ಎದೆ ಬಡಿದುಕೊಳ್ಳುತ್ತಾ. ಅದರಿಂದ ಇನ್ನೂ ಕೆಟ್ಟಿತು. ಅಲ್ಲಿದ್ದವರಿಗೆ ಅದೊಂದೇ ಬಾಕಿ ಇತ್ತು, ಪಾದ ಹಿಡಿದು ಅಳುವ ತಾಯಿ. ಅವಳನ್ನು ನೋಡಿ ನಾಲ್ಕಾರು ಹೆಂಗಸರು ದನಿ ತೆಗೆದು ಅತ್ತರು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಇಷ್ಟು ಜನಕ್ಕೆ ಕಾಣುತ್ತಿರುವುದು ನನಗೊಬ್ಬಳಿಗೇ ಕಾಣುತ್ತಿಲ್ಲವೇನೋ ಎನ್ನಿಸಿತು. ಹಿಡಿಕೆ ಬಿಟ್ಟು ಒಂದು ಕೈಯನ್ನು ಹಾರದ ಅಡಿಯಲ್ಲಿ ತೂರಿಸಿ ಎದೆ ಮುಟ್ಟಿ ನೋಡಿಕೊಂಡೆ. ಬಡಿದುಕೊಳ್ಳುತ್ತಿತ್ತು.

ವೇದಿಕೆಯ ಮೆಟ್ಟಿಲು ಹತ್ತಿಸಿ ನನ್ನನ್ನು ನಡುವೆ ಇಳಿಸಿದರು. ಇಳಿಸಿದವರು ಕೈಮುಗಿದು ಹಿಂದೆ ಹಿಂದೆ ಸರಿದು ಹೋದರು. ಭಜನೆ ನಿಂತಿತು. ಮೇಷ್ಟ್ರು ನನ್ನ ಮುಂದೆ ಮೈಕು ಇಟ್ಟರು. ಏನೋ ತಪ್ಪಾಗಿದೆ ಎಂದು ಅವರಿಗೂ ತಿಳಿದಿತ್ತು, ಮುಖ ತಪ್ಪಿಸಿ ಪಕ್ಕಕ್ಕೆ ಸರಿದರು.

‘ಎಲ್ಲರಿಗೂ ನಮಸ್ಕಾರ’ ಎಂದೆ.

ನನ್ನ ದನಿ ಸ್ಪೀಕರಿನಲ್ಲಿ ಬಂದದ್ದೇ ಮುಂದಿನ ಸಾಲಿನ ಹೆಂಗಸೊಬ್ಬಳು ಬೆಚ್ಚಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು. ಒಂದು ಮಗು ಚಿಟ್ಟನೆ ಚೀರಿತು. ಅಷ್ಟು ಜನ ತುಂಬಿದ ಮಂಟಪದಲ್ಲಿ ಫ್ಯಾನುಗಳ ಸದ್ದು ಮಾತ್ರ. ಬಾಗಿಲಿನಿಂದ ಬಂದ ಕೆಂಪು ಧೂಳು ಬೆಳಕಿನಲ್ಲಿ ತೇಲುತ್ತಿತ್ತು. ಎಲ್ಲರೂ ತಲೆ ತಗ್ಗಿಸಿ ಕೈಮುಗಿದು ನಿಂತಿದ್ದರು. ಬದುಕಿರುವಾಗ ನನಗೆ ಅಷ್ಟು ಗೌರವವನ್ನು ಯಾರೂ ಕೊಟ್ಟಿರಲಿಲ್ಲ. ಬೂತಿನಲ್ಲಿ ಚಿಲ್ಲರೆಗೆ ನನ್ನ ಜೊತೆ ಜಗಳವಾಡುವವರೂ ಆ ಸಾಲಿನಲ್ಲಿದ್ದರು. ಅವರಲ್ಲಿ ಒಬ್ಬರಾದರೂ ‘ಏನ ಮಾತಾಡ್ತಿ ಮಾತಾಡು ಜಲ್ದಿ’ ಎಂದು ಕೂಗಿದ್ದರೆ ನನಗೆ ಜೀವ ಬಂದಂತಾಗುತ್ತಿತ್ತು.

ಆ ತಗ್ಗಿದ ತಲೆಗಳ ಮೇಲಿಂದ ಹಿಂದಿನ ಬಾಗಿಲು ಕಾಣಿಸಿತು. ಚಿಕ್ಕವ್ವ ಹುಡುಗಿಯ ಕುರ್ಚಿಯನ್ನು ಹೊರಗಡೆಗೆ ತಿರುಗಿಸುತ್ತಿದ್ದಳು. ಹುಡುಗಿ ಸೆರಗನ್ನು ಮುಖದ ಮೇಲೆ ಪೂರ್ತಿ ಎಳೆದುಕೊಂಡಿದ್ದಳು. ಬಾಗಿಲಾಚೆ ಅವರು ಬಂದ ಆಟೋ ನಿಂತಿತ್ತು. ಆಟೋದಲ್ಲಿ ಕುಳಿತರೆ ಎಮ್ಮಿಗನೂರು, ಆ ಕೋಣೆ, ಆ ಗೋಣಿತಟ್ಟು. ಮತ್ತೆ ಕರೆಯಲು ಹೋಗುವ ಮುಖ ನನಗಿರಲಿಲ್ಲ.

‘ನಿಲ್ಲಬೇ!’ ಎಂದು ಮೈಕಿನಲ್ಲಿ ಕೂಗಿದೆ. ಚಿಕ್ಕವ್ವ ತಿರುಗಿ ನೋಡಿದವಳು ಇನ್ನಷ್ಟು ಹೆದರಿ ಕುರ್ಚಿಯನ್ನು ಜೋರಾಗಿ ತಳ್ಳಿದಳು. ಹೊಸ್ತಿಲಿಗೆ ಗಾಲಿ ಸಿಕ್ಕಿಕೊಂಡಿತು. ನನ್ನನ್ನು ಹೊತ್ತ ನಾಲ್ವರು ಮೆಟ್ಟಿಲ ಬುಡದಲ್ಲೇ ನಿಂತಿದ್ದರು. ಅವರನ್ನು ಕರೆದರೆ ಮತ್ತೆ ಅದೇ ಕುರ್ಚಿ, ಅದೇ ಹೆಗಲು. ನನ್ನ ಸೈಕಲ್ಲು ಆ ತುದಿಯಲ್ಲಿತ್ತು.

ಹಾರ ಕಿತ್ತು ಎಸೆದೆ. ಶಾಲು ಜಾರಿಸಿದೆ. ಕುರ್ಚಿಯ ಹಿಡಿಕೆಗೆ ತೋಳು ಊರಿ ಮೈಯನ್ನು ನೆಲಕ್ಕೆ ಇಳಿಸಿದೆ. ಯಾರೋ ‘ಅಯ್ಯೋ ಶಿವನ’ ಎಂದರು. ನನಗೆ ನಾಚಿಕೆ ಎಷ್ಟಾಯಿತೆಂದರೆ ಕಿವಿ ಸುಟ್ಟುಹೋದವು. ಅಂಗೈ ಊರಿ, ಕುಂಡೆ ಎಳೆದು, ಕಾಲುಗಳನ್ನು ಹಿಂದಿನಿಂದ ಎಳೆದುಕೊಂಡು ಮೊದಲ ಮೆಟ್ಟಿಲು ಇಳಿದೆ. ಸೀರೆ ಮೊಳಕಾಲಿನವರೆಗೆ ಸರಿಯಿತು. ಕಡ್ಡಿಯಂಥ ಕಾಲುಗಳನ್ನು ಊರೇ ನೋಡಿತು. ನೋಡಲಿ ಎಂದುಕೊಂಡೆ, ಆದರೂ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಸಿಟ್ಟಿನ ನೀರೂ ಇರಬಹುದು. ಮೆಟ್ಟಿಲು ಮುಗಿಸಿ, ನಡುದಾರಿಯ ಜಮಖಾನದ ಮೇಲೆ ತೆವಳತೊಡಗಿದೆ. ಅಂಗೈಯಡಿ ಮಂಡಕ್ಕಿ ಪುಡಿಯಾಗುತ್ತಿತ್ತು. ಜನ ದಾರಿ ಬಿಟ್ಟು ಹಿಂದೆ ಹಿಂದೆ ಸರಿದರು.

ಅರ್ಧ ದಾರಿ ದಾಟಿರಬೇಕು. ಅಷ್ಟರಲ್ಲಿ ಮೇಷ್ಟ್ರಿಗೆ ಎಚ್ಚರವಾಯಿತು. ‘ಏಯ್, ನೋಡ್ತೀರೇನ್ರೋ? ಎತ್ರೋ ಅವರನ್ನ, ಎತ್ರಿ!’ ಎಂದು ಕೂಗಿದರು. ನಾಲ್ವರೂ ಓಡಿ ಬಂದು ನನ್ನ ಸುತ್ತ ನಿಂತು ಬಗ್ಗಿದರು. ಒಬ್ಬನ ಕೈ ನನ್ನ ಕಂಕುಳಿಗೆ ತಾಗಿತು. ನಾನು ಸುಸ್ತಾಗಿದ್ದೆ, ಬೇಡವೆನ್ನಲು ಉಸಿರು ಸಾಲಲಿಲ್ಲ.

‘ಮುಟ್ಟಬ್ಯಾಡ್ರಿ!’

ಎಂಥ ದನಿ ಅದು! ಒಡೆದ, ತುಕ್ಕು ಹಿಡಿದ ದನಿ. ಅದು ಯಾರದೆಂದು ನನಗೆ ತಿಳಿಯಲಿಲ್ಲ, ಆ ದನಿಯನ್ನು ನಾನು ಎಂದೂ ಕೇಳಿರಲಿಲ್ಲ. ನಾಲ್ವರೂ ಕೈ ಹಿಂದೆ ತೆಗೆದರು. ತಲೆಯೆತ್ತಿ ನೋಡಿದೆ. ಹೊಸ್ತಿಲ ಮೇಲೆ ಆ ಹುಡುಗಿ ಮುಖದ ಸೆರಗು ಸರಿಸಿ, ಗಾಲಿಕುರ್ಚಿಯಲ್ಲಿ ಪೂರ್ತಿ ಇತ್ತ ತಿರುಗಿದ್ದಳು. ಚಿಕ್ಕವ್ವ ಅಭ್ಯಾಸದಂತೆ ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದಳು. ಹುಡುಗಿ ಅವಳ ಮುಖವನ್ನು ಕೈಯಿಂದ ಆಚೆ ಸರಿಸಿದಳು.

‘ಯಾರೂ ಮುಟ್ಟಬ್ಯಾಡ್ರಿ ಆಕಿನ್ನ’ ಎಂದು ಮಂಟಪಕ್ಕೆಲ್ಲ ಕೇಳುವಂತೆ ಕೂಗಿದಳು. ‘ಅಕ್ಕ ತಾನ ಬರ್ತಾಳ.’

ನಾನು ಅಂಗೈ ಒರೆಸಿಕೊಂಡು ಮುಂದೆ ತೆವಳಿದೆ.